ಪಹಣಿ ಕನ್ನಡದಲ್ಲಿ, ತೀರ್ಪು ಇಂಗ್ಲಿಷಿನಲ್ಲಿ: ಎರಡು ಭಾಷೆಯ ತನಿಖಾ ಟಿವಿ ವರದಿಗಾರರ ಕಸುಬು

ಪಹಣಿಯ ವಿಸ್ತೀರ್ಣದ ಕಾಲಂನಲ್ಲಿ 2.19 ಎಂದಿದೆ. ಪಕ್ಕದ ಸರ್ವೆ ನಂಬರಿನದು 3.25. ಇಂಗ್ಲಿಷ್ ಡೆಸ್ಕಿನಲ್ಲಿ ಕೂತವರು ಎರಡನ್ನೂ ಎಕ್ಸೆಲ್‌ಗೆ ಹಾಕಿ ಕೂಡಿದರೆ 5.44 ಎಕರೆ ಬರುತ್ತದೆ. ತಾಲ್ಲೂಕು ಕಚೇರಿಯ ಮುಂದೆ ಕೂತು ಅರ್ಜಿ ಬರೆದುಕೊಡುವವರನ್ನು ಕೇಳಿದರೆ 6 ಎಕರೆ 4 ಗುಂಟೆ ಅನ್ನುತ್ತಾರೆ. ಅವರು ಹೇಳಿದ್ದೇ ಸರಿ. ಚುಕ್ಕಿಯ ಆಚೆಗಿರುವುದು ದಶಾಂಶವಲ್ಲ, ಗುಂಟೆ. 40 ಗುಂಟೆಗೆ ಒಂದು ಎಕರೆ, ಗುಂಟೆಗೆ 1089 ಚದರಡಿ. ಎರಡು ಲೆಕ್ಕಗಳ ನಡುವಿನ ಅಂತರ 26 ಗುಂಟೆಗೂ ಹೆಚ್ಚು. ಬೆಂಗಳೂರಿನ ಭಾಷೆಯಲ್ಲಿ ಹೇಳುವುದಾದರೆ ಮೂವತ್ತು-ನಲವತ್ತರ 23 ಸೈಟು. ಆರು ತಿಂಗಳು ಓಡಾಡಿ ಮಾಡಿದ ಭೂಹಗರಣದ ವರದಿಯಲ್ಲಿ ಇದೊಂದು ಅಂಕಿ ತಪ್ಪಿದರೂ ಎದುರು ಪಕ್ಷದ ವಕೀಲರು ಹಿಡಿಯುವುದು ಅದನ್ನೇ.

‘ಬೈಲಿಂಗ್ವಲ್ ರಿಪೋರ್ಟರ್’ ಅಂದರೆ ಒಂದೇ ಸುದ್ದಿಯನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುವವರು ಎಂಬ ತಿಳಿವಳಿಕೆ ಸಾಮಾನ್ಯ. ದಿನದ ಸುದ್ದಿಯ ಮಟ್ಟಿಗೆ ಅದು ನಿಜವೂ ಹೌದು. 1998ರಲ್ಲಿ ಎನ್‌ಡಿಟಿವಿ ತಯಾರಿಸಿಕೊಡುತ್ತಿದ್ದ ಸ್ಟಾರ್ ನ್ಯೂಸ್ ಇಂಗ್ಲಿಷ್, ಹಿಂದಿ ಎರಡರಲ್ಲೂ ಬರುತ್ತಿತ್ತು. 2003ರಲ್ಲಿ ಎನ್‌ಡಿಟಿವಿ ಭಾಷೆಗೊಂದು ಚಾನೆಲ್ ಮಾಡಿಕೊಂಡಿತು. ಹೀಗೆ ಒಂದೇ ಸಂಸ್ಥೆಗೆ ಎರಡು ಭಾಷೆಯ ಚಾನೆಲ್ ಇರುವ ಕಡೆಯೆಲ್ಲ ವರದಿಗಾರರು ಒಂದೇ ಜಾಗದಲ್ಲಿ ನಿಂತು ಎರಡು ಸಲ ಪಿಟುಸಿ (ಕ್ಯಾಮೆರಾ ನೋಡಿಕೊಂಡು ಹೇಳುವ ಮಾತು) ಕೊಡುವುದು ಮಾಮೂಲು. ತನಿಖೆಯ ವಿಚಾರ ಬೇರೆ. ಅಲ್ಲಿ ಎರಡು ಭಾಷೆ ಅಂದರೆ ಸಾಕ್ಷ್ಯ ತುಂಬಿದ ಎರಡು ಬೀರು. ಒಂದರ ಕೀಲಿ ಮಾತ್ರ ಇದ್ದವರಿಗೆ ಅರ್ಧ ಸುದ್ದಿ ಸಿಗುತ್ತದೆ, ಆ ಅರ್ಧವನ್ನೇ ಪೂರ್ತಿ ಎಂದು ನಂಬುವ ಅಪಾಯವೂ ಜೊತೆಗೇ ಬರುತ್ತದೆ.

ಯಾವ ಬೀರುವಿನಲ್ಲಿ ಏನಿದೆ

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ನಡಾವಳಿ, ಪಹಣಿ, ಮ್ಯುಟೇಶನ್ (ಜಮೀನಿನ ಹಕ್ಕು ಬದಲಾವಣೆಯ ದಾಖಲೆ), ಠಾಣೆಯ ಎಫ್‌ಐಆರ್, ಮಹಜರು, ಕೆಳ ನ್ಯಾಯಾಲಯದ ಬಹುಪಾಲು ಕಾಗದ ಕನ್ನಡದಲ್ಲಿರುತ್ತವೆ. ಹೈಕೋರ್ಟಿಗೆ ಹೋದರೆ ಸಂವಿಧಾನದ 348ನೇ ವಿಧಿಯ ಪ್ರಕಾರ ಇಂಗ್ಲಿಷ್. ಕಂಪನಿಗಳು ಸಲ್ಲಿಸುವ ವಾರ್ಷಿಕ ಲೆಕ್ಕ, ದೊಡ್ಡ ಮೊತ್ತದ ಟೆಂಡರ್ ದಾಖಲೆ, ಪರಿಸರ ಅನುಮತಿಯ ಕಡತ ಇವೂ ಇಂಗ್ಲಿಷಿನವೇ. ಕೈಗಾರಿಕೆಗೆಂದು ಜಮೀನು ಹೋದ ಪ್ರಕರಣವೊಂದನ್ನು ಹಿಡಿದರೆ ದಾರಿ ಹೀಗೆ ಸಾಗುತ್ತದೆ: ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯ 28(1) ಪ್ರಾಥಮಿಕ ಅಧಿಸೂಚನೆ, 28(4) ಅಂತಿಮ ಅಧಿಸೂಚನೆ, ಇವೆರಡರ ತಾರೀಕು ರಾಜ್ಯಪತ್ರದಲ್ಲಿ. ಆ ಎರಡು ತಾರೀಕಿನ ನಡುವೆ ಜಮೀನು ಯಾರಿಂದ ಯಾರಿಗೆ ಹೋಯಿತು ಎಂಬುದು ಮ್ಯುಟೇಶನ್ ರಿಜಿಸ್ಟರಿನಲ್ಲಿ, ಕನ್ನಡದಲ್ಲಿ. ಕೊಂಡುಕೊಂಡ ಕಂಪನಿಯ ನಿರ್ದೇಶಕರು ಯಾರು ಎಂಬುದು ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್ಲಿನಲ್ಲಿ, ಇಂಗ್ಲಿಷಿನಲ್ಲಿ. ಸುದ್ದಿ ಇರುವುದು ಈ ಕಾಗದ ಆ ಕಾಗದವನ್ನು ಮುಟ್ಟುವ ಜಾಗದಲ್ಲಿ.

ಮುಟ್ಟುವ ಜಾಗದಲ್ಲೇ ಎಡವಟ್ಟೂ ಆಗುವುದು. ಪಹಣಿಯ 9ನೇ ಕಾಲಂನಲ್ಲಿ ‘ಮುನಿಯಪ್ಪ ಬಿನ್ ನಾರಾಯಣಪ್ಪ’ ಎಂದಿರುತ್ತದೆ. ‘ಬಿನ್’ ಅಂದರೆ ಇಂಥವರ ಮಗ, ‘ಕೋಂ’ ಅಂದರೆ ಇಂಥವರ ಹೆಂಡತಿ. ಇದು ಗೊತ್ತಿಲ್ಲದವರು ‘ಕೋಂ’ ಅನ್ನು ಹೆಸರಿನ ಭಾಗವೆಂದೇ ತಿಳಿದು ಗ್ರಾಫಿಕ್ಸಿಗೆ ಕಳಿಸುತ್ತಾರೆ. ಅದೇ ಮನುಷ್ಯ ಕಂಪನಿ ದಾಖಲೆಯಲ್ಲಿ ಎನ್. ಮುನಿಯಪ್ಪ ಆಗಿರಬಹುದು, ಮುನಿಯಪ್ಪ ಎನ್. ಆಗಿರಬಹುದು. ಬೇರೆಯೇ ಮುನಿಯಪ್ಪನೂ ಆಗಿರಬಹುದು. ಆ ಹೆಸರಿನವರು ಕೋಲಾರ ಜಿಲ್ಲೆಯೊಂದರಲ್ಲೇ ಎಷ್ಟೋ ಮಂದಿ. ತಂದೆಯ ಹೆಸರು, ವಯಸ್ಸು, ವಿಳಾಸ, ಈ ಮೂರರಲ್ಲಿ ಕನಿಷ್ಠ ಎರಡು ತಾಳೆಯಾಗದೆ ಇಬ್ಬರನ್ನೂ ಒಬ್ಬರೆಂದು ಬರೆಯಬಾರದು. ತಾಳೆಯಾದರೂ ನೋಂದಾಯಿತ ಕ್ರಯಪತ್ರದ ಸಹಿ ಮತ್ತು ಫೋಟೊ ನೋಡಿಕೊಂಡರೆ ರಾತ್ರಿ ನಿದ್ದೆ ಬರುತ್ತದೆ.

ಪಹಣಿಯಲ್ಲಿ ಹೊಸಬರು ಬಿಟ್ಟುಬಿಡುವುದು 11ನೇ ಕಾಲಂ. ಸಾಲ, ಕೋರ್ಟಿನ ತಡೆಯಾಜ್ಞೆ, ಭೂಸ್ವಾಧೀನದ ನಮೂದು ಎಲ್ಲ ಅಲ್ಲಿ. ಖರಾಬಿನ ವಿಷಯವೂ ಅಷ್ಟೇ: ‘ಅ’ ಖರಾಬು ಬರಿಯ ಬೇಸಾಯಕ್ಕೆ ಬಾರದ ನೆಲ, ‘ಬ’ ಖರಾಬು ದಾರಿ, ಹಳ್ಳ, ಸ್ಮಶಾನದಂತೆ ಸಾರ್ವಜನಿಕರಿಗೆ ಬಿಟ್ಟದ್ದು. ಒಂದಕ್ಷರ ಬದಲಾದರೆ ಖಾಸಗಿ ಜಮೀನಿನ ಕಥೆ ಸರ್ಕಾರಿ ಜಮೀನಿನ ಕಥೆಯಾಗುತ್ತದೆ. ಧಾರವಾಡ, ಬೆಳಗಾವಿ ಕಡೆಯ ಹಳೆ ಕಾಗದಕ್ಕೆ ಮರಾಠಿಯ ಹಳೆಯ ಮೋಡಿ ಲಿಪಿ ಓದುವವರು ಬೇಕು, ಕಲಬುರಗಿ ಕಡೆಯದಕ್ಕೆ ಉರ್ದು. ಎರಡು ಭಾಷೆ ಬಲ್ಲವರಿಗೂ ಮೂರನೆಯವರ ಹಂಗು ತಪ್ಪದು.

ಕಂಪ್ಯೂಟರಿನಲ್ಲಿ ಹುಡುಕುವಾಗ ಇನ್ನೊಂದು ತೊಡಕು. ಸರ್ಕಾರಿ ಜಾಲತಾಣದಿಂದ ಇಳಿಸಿಕೊಂಡ ಪಿಡಿಎಫ್‌ನಲ್ಲಿ ‘ಗೋಮಾಳ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಪುಟ ತಿರುವಿದರೆ ಹತ್ತು ಕಡೆ ಇದೆ. ಕಡತವನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪಠ್ಯವನ್ನು ಪೂರ್ತಿ ನಕಲು ಮಾಡಿ ಪರಿವರ್ತಕದಲ್ಲಿ ಯೂನಿಕೋಡಿಗೆ ತಂದು ಆಮೇಲೆ ಹುಡುಕಬೇಕು. ಪರಿವರ್ತನೆಯಲ್ಲಿ ಅರ್ಕಾವತ್ತು ಜಾಗ ತಪ್ಪುವುದುಂಟು, ಆದ್ದರಿಂದ ಹೆಸರುಗಳನ್ನು ಮೂಲದೊಂದಿಗೆ ಮತ್ತೆ ನೋಡಿಕೊಳ್ಳಬೇಕು. ಸ್ಕ್ಯಾನ್ ಮಾಡಿದ ಪುಟವಾದರೆ ಒಸಿಆರ್ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಕನ್ನಡದ ಸೊನ್ನೆಯನ್ನೂ ಅನುಸ್ವಾರವನ್ನೂ ಅದಲುಬದಲು ಮಾಡುತ್ತದೆ. ೬ ಮತ್ತು ೯ರಲ್ಲಿ ಮನುಷ್ಯರೇ ತಪ್ಪುತ್ತಾರೆ. ಅಂಕಿ ಇರುವ ಪುಟವನ್ನು ಯಂತ್ರಕ್ಕೆ ಬಿಡದೆ ಇಬ್ಬರು ಕೂತು, ಒಬ್ಬರು ಓದಿ ಒಬ್ಬರು ಟಿಕ್ ಹಾಕುವ ಹಳೇ ಪದ್ಧತಿಯೇ ವಾಸಿ.

ಕಾಗದಕ್ಕೆ ಕಾಗದ ತಾಳೆ ನೋಡುವುದರಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನಮ್ಮಲ್ಲಿನ ದೊಡ್ಡ ಉದಾಹರಣೆ ಪತ್ರಕರ್ತರದ್ದಲ್ಲ, ಲೋಕಾಯುಕ್ತದ್ದು. ಬಳ್ಳಾರಿ ಗಣಿ ವರದಿಯ ಒಂದು ಮುಖ್ಯ ಎಳೆ ಬಲು ಸರಳವಾಗಿತ್ತು: ಸಾಗಣೆಗೆ ಪರ್ಮಿಟ್ ಸಿಕ್ಕ ಅದಿರಿಗಿಂತ ಬಂದರಿನಿಂದ ಹೊರಟ ಅದಿರು ಹೆಚ್ಚು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅಂತಿಮ ವರದಿ ಕೊಟ್ಟದ್ದು 2011ರ ಜುಲೈ 27ರಂದು. ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟದ್ದು ಜುಲೈ 31ರಂದು.

ಈ ಕೆಲಸಕ್ಕೆ ಬರುವವರು ಎಲ್ಲಿಂದ ಬರುತ್ತಾರೆ

ಎರಡು ದಾರಿ. ಒಂದು, ಜಿಲ್ಲೆಯಲ್ಲಿ ಸ್ಟ್ರಿಂಗರ್ ಆಗಿ ಸುದ್ದಿಗಿಷ್ಟು ಎಂದು ಲೆಕ್ಕ ಹಾಕಿಸಿಕೊಂಡು ದುಡಿದು, ಜಿಲ್ಲಾ ವರದಿಗಾರರಾಗಿ, ಆಮೇಲೆ ಬೆಂಗಳೂರಿಗೆ ಬಂದವರು. ಇನ್ನೊಂದು, ಇಂಗ್ಲಿಷ್ ಮಾಧ್ಯಮದಲ್ಲಿ ಪತ್ರಿಕೋದ್ಯಮ ಓದಿ ನೇರ ರಾಜಧಾನಿಯ ಡೆಸ್ಕಿಗೆ ಸೇರಿದವರು. ಮೊದಲನೆಯವರಿಗೆ ತಹಶೀಲ್ದಾರರ ಕಚೇರಿ ಅಂಗೈ ನೆಲ್ಲಿಕಾಯಿ. 80 ಪುಟದ ಹೈಕೋರ್ಟ್ ಆದೇಶ ಕಂಡರೆ ಕೊನೆಯ ಪುಟಕ್ಕೆ ಹಾರುತ್ತಾರೆ. ಎರಡನೆಯವರು ಆದೇಶವನ್ನು ಸಲೀಸಾಗಿ ಓದುತ್ತಾರೆ. ಗ್ರಾಮ ಲೆಕ್ಕಿಗರ ಕೈಬರಹದ ಮುಂದೆ ಸುಮ್ಮನಾಗುತ್ತಾರೆ. ಎರಡನೆಯ ಕೊರತೆ ತುಂಬಿಕೊಳ್ಳುವುದೇ ಹೆಚ್ಚು ಕಷ್ಟ. ಇಂಗ್ಲಿಷ್ ಆದೇಶ ಓದುವುದನ್ನು ಮನೆಯಲ್ಲಿ ಕೂತು ಕಲಿಯಬಹುದು, ತಾಲ್ಲೂಕು ಕಚೇರಿಯನ್ನು ಅಲ್ಲಿಗೇ ಹೋಗಿ ಕಲಿಯಬೇಕು.

ಏಣಿ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲ ಒಂದೆರಡು ವರ್ಷ ಡೆಸ್ಕ್: ಏಜೆನ್ಸಿ ಸುದ್ದಿ ಅನುವಾದ, ಆಂಕರ್ ಲೀಡ್, ಸ್ಕ್ರಿಪ್ಟ್. ಆಮೇಲೆ ಕ್ರೈಂ ಬೀಟ್. ಕ್ರೈಂ ಬೀಟನ್ನು ಹಗುರವಾಗಿ ಕಾಣುವವರಿದ್ದಾರೆ, ಆದರೆ ಎಫ್‌ಐಆರ್, ಮಹಜರು, ದೋಷಾರೋಪ ಪಟ್ಟಿ ಈ ಮೂರರ ನಡುವೆ ಕಥೆ ಹೇಗೆ ಬದಲಾಗುತ್ತದೆ ಎಂಬುದನ್ನು ಕಲಿಸುವ ಶಾಲೆ ಬೇರೊಂದಿಲ್ಲ. ಅಲ್ಲಿಂದ ನಗರಪಾಲಿಕೆ ಅಥವಾ ಕಂದಾಯ, ಅಲ್ಲಿಂದ ವಿಧಾನಸೌಧ. ವಿಶೇಷ ತಂಡಕ್ಕೆ ಕರೆ ಬರುವಷ್ಟರಲ್ಲಿ ಎಂಟು ಹತ್ತು ವರ್ಷ ಕಳೆದಿರುತ್ತದೆ.

2006ರಲ್ಲಿ ಟಿವಿ9 ಬಂದ ಮೇಲೆ ಕನ್ನಡದಲ್ಲಿ 24 ಗಂಟೆಯ ಸುದ್ದಿಗೆ ಒಂದರ ಹಿಂದೊಂದು ಚಾನೆಲ್ ಹುಟ್ಟಿದವು, ಕೆಲಸಗಳೂ ಹುಟ್ಟಿದವು. ತನಿಖೆಗೆ ಸಿಗುವ ಸಮಯ ಮಾತ್ರ ಬೆಳೆಯಲಿಲ್ಲ. ಗಂಟೆಗೊಂದು ಲೈವ್ ಕೊಡುವ ವರದಿಗಾರರು ಮಧ್ಯಾಹ್ನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಎರಡು ತಾಸು ಕೂರುವುದಾದರೂ ಹೇಗೆ? ಬಹುತೇಕ ತನಿಖೆಗಳು ವಾರದ ರಜೆಯಲ್ಲೂ ಎರಡು ಲೈವ್‌ಗಳ ನಡುವಿನ ಬಿಡುವಿನಲ್ಲೂ ಆಗುತ್ತವೆ. ಹಣ ಕಡಿಮೆಯಾದಾಗ ಮೊದಲು ಮುಚ್ಚುವುದೂ ವಿಶೇಷ ತಂಡವನ್ನೇ.

ಅಂಥ ಹೊತ್ತಿನಲ್ಲಿ ಎರಡು ಭಾಷೆ ಅನ್ನ ಕೊಡುತ್ತದೆ. ರಾಷ್ಟ್ರೀಯ ಚಾನೆಲ್ಲಿನ ಬೆಂಗಳೂರು ಬ್ಯೂರೊ, ವಿದೇಶಿ ಟಿವಿ ತಂಡಗಳಿಗೆ ಸ್ಥಳೀಯ ನಿರ್ಮಾಪಕರ ಕೆಲಸ, ಸಾಕ್ಷ್ಯಚಿತ್ರದ ಸಂಶೋಧನೆ, ಸ್ವಂತ ಯೂಟ್ಯೂಬ್ ಚಾನೆಲ್. ವಿದೇಶಿ ತಂಡದ ಜೊತೆ ಹೋಗುವುದಾದರೆ ಹೆಸರು ಎಲ್ಲಿ, ಹೇಗೆ ಬರುತ್ತದೆ, ಕಚ್ಚಾ ಚಿತ್ರೀಕರಣದ ಪ್ರತಿ ಸಿಗುತ್ತದೆಯೇ, ಕೇಸು ಬಿದ್ದರೆ ವಕೀಲರ ಖರ್ಚು ಯಾರದು, ಈ ಮೂರನ್ನು ಮೊದಲೇ ಬರೆಸಿಕೊಳ್ಳುವುದು ಜಾಣತನ. ತಂಡ ವಿಮಾನ ಹತ್ತುತ್ತದೆ, ಊರಿನಲ್ಲಿ ಉಳಿಯುವವರು ನೀವು.

ಆರ್‌ಟಿಐ: 150 ಪದದ ಕಲೆ

ಮಾಹಿತಿ ಹಕ್ಕು ಕಾಯ್ದೆಯ 6(1) ಸೆಕ್ಷನ್ ಪ್ರಕಾರ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೊಡಬಹುದು. ಅಂದರೆ ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರದ ಕಚೇರಿಗೂ ಕನ್ನಡದಲ್ಲಿ ಬರೆಯಬಹುದು. ಹಾಗಿದ್ದರೂ ಕಡತ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲೇ ಕೇಳುವುದು ಉತ್ತಮ. ‘ಟೆಂಡರಿನ ತಾಂತ್ರಿಕ ಮೌಲ್ಯಮಾಪನ’ ಎಂದು ಕೇಳಿದರೆ ಅಂಥ ಕಡತ ಇಲ್ಲ ಎಂಬ ಉತ್ತರ ಬರಬಹುದು. ಕಚೇರಿಯಲ್ಲಿ ಆ ಕಾಗದದ ಹೆಸರು ‘ಟೆಕ್ನಿಕಲ್ ಬಿಡ್ ಕಂಪ್ಯಾರಟಿವ್ ಸ್ಟೇಟ್‌ಮೆಂಟ್’ ಎಂದಿರುತ್ತದೆ. ಕಚೇರಿಯವರು ಏನೆಂದು ಕರೆಯುತ್ತಾರೋ ಅದೇ ಹೆಸರು ಬರೆಯಿರಿ.

ರಾಜ್ಯದ ನಿಯಮದಂತೆ ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಈ ಮಿತಿಯನ್ನು ಶಾಪ ಎನ್ನುವವರಿದ್ದಾರೆ, ಆದರೆ ಸರಿಯಾಗಿ ಬರೆದ ಅರ್ಜಿಗೆ 60 ಪದ ಸಾಕು: ಕಚೇರಿ, ಕಡತ ಸಂಖ್ಯೆ, ಇಂಥ ತಾರೀಕಿನಿಂದ ಇಂಥ ತಾರೀಕು, ಟಿಪ್ಪಣಿ ಹಾಳೆಯೂ ಸೇರಿ ಪ್ರಮಾಣೀಕೃತ ಪ್ರತಿ. ‘ಏಕೆ’ ಎಂದು ಕೇಳಬೇಡಿ. ಕಾಯ್ದೆ ಕೊಡಿಸುವುದು ದಾಖಲೆಯನ್ನು, ವಿವರಣೆಯನ್ನಲ್ಲ. ಟಿಪ್ಪಣಿ ಹಾಳೆ ಮರೆತರೆ ಆದೇಶ ಸಿಗುತ್ತದೆ, ಆದೇಶಕ್ಕೆ ಮುಂಚೆ ಗುಮಾಸ್ತರು ‘ನಿಯಮಾನುಸಾರ ಬರುವುದಿಲ್ಲ’ ಎಂದು ಬರೆದದ್ದು ಸಿಗುವುದಿಲ್ಲ. ಸುದ್ದಿ ಸಾಮಾನ್ಯವಾಗಿ ಆ ಸಾಲಿನಲ್ಲೇ ಇರುತ್ತದೆ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ನಂತರ 90 ದಿನದೊಳಗೆ ಮಾಹಿತಿ ಆಯೋಗ. ಮೂರನೆಯ ವ್ಯಕ್ತಿಯ ಮಾಹಿತಿ ಎನಿಸಿದರೆ 11ನೇ ಸೆಕ್ಷನ್ ಪ್ರಕಾರ ಅಧಿಕಾರಿ ಆ ವ್ಯಕ್ತಿಗೇ ನೋಟಿಸು ಕಳಿಸುತ್ತಾರೆ. ಅಂದರೆ ನೀವು ಯಾರ ಬೆನ್ನು ಹತ್ತಿದ್ದೀರೋ ಅವರಿಗೆ ಸರ್ಕಾರಿ ಖರ್ಚಿನಲ್ಲೇ ಸುದ್ದಿ ಮುಟ್ಟುತ್ತದೆ. ಹೀಗಾಗಿ ಅರ್ಜಿ ಹಾಕುವ ಮೊದಲು ಅರ್ಜಿಯಿಲ್ಲದೆ ಸಿಗುವುದನ್ನೆಲ್ಲ ತೆಗೆದಿಟ್ಟುಕೊಳ್ಳಬೇಕು: ಋಣಭಾರ ಪತ್ರ, ಪಹಣಿ, ಚುನಾವಣಾ ಅಫಿಡವಿಟ್, ಕೋರ್ಟ್ ಆದೇಶ, ಕಂಪನಿ ದಾಖಲೆ. ಅಪ್‌ಲೋಡ್ ಆದ ಪುಟ ಮರುದಿನ ಇರುತ್ತದೆಂಬ ಖಾತ್ರಿಯಿಲ್ಲ, ಇಳಿಸಿಕೊಂಡ ತಾರೀಕು ಸಹಿತ ಉಳಿಸಿಡಿ.

ಭಾಷಾಂತರದಲ್ಲಿ ಜಾರುವ ಮಾತು

‘ವಿಚಾರಣೆ’ ಎಂಬ ಒಂದು ಪದ ತೆಗೆದುಕೊಳ್ಳಿ. ಪೊಲೀಸರು ಠಾಣೆಗೆ ಕರೆಸಿ ಪ್ರಶ್ನೆ ಕೇಳಿದರೂ ವಿಚಾರಣೆ, ಇಲಾಖೆ ಸಮಿತಿ ನೇಮಿಸಿದರೂ ವಿಚಾರಣೆ, ಕೋರ್ಟು ಅರ್ಜಿ ಆಲಿಸಿದರೂ ವಿಚಾರಣೆ, ಸೆಷನ್ಸ್ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿಕೆ ನಡೆದರೂ ವಿಚಾರಣೆ. ಇಂಗ್ಲಿಷಿನಲ್ಲಿ ನಾಲ್ಕಕ್ಕೂ ನಾಲ್ಕು ಪದ, ನಾಲ್ಕರ ತೂಕವೂ ಬೇರೆ. ಕನ್ನಡ ಸ್ಕ್ರಿಪ್ಟು ನೋಡಿ ಇಂಗ್ಲಿಷ್ ಮಾಡುವವರು ಮೂಲ ಕಾಗದ ನೋಡದಿದ್ದರೆ, ಬರೀ ನೋಟಿಸು ಪಡೆದವರನ್ನು ಕಟಕಟೆಗೆ ಹತ್ತಿಸಿಬಿಡುತ್ತಾರೆ. ‘ಆರೋಪಿ’ ‘ಅಪರಾಧಿ’ ಗೊಂದಲ ಈಗ ಕಡಿಮೆ. ‘ವಶಕ್ಕೆ ಪಡೆದರು’ ಮತ್ತು ‘ಬಂಧಿಸಿದರು’ ಇನ್ನೂ ಒಂದರ ಜಾಗದಲ್ಲಿ ಇನ್ನೊಂದು ಬರುತ್ತಲೇ ಇದೆ.

ಎದುರು ದಿಕ್ಕಿನಲ್ಲೂ ಇದೇ ಪಾಡು. ಭ್ರಷ್ಟಾಚಾರ ತಡೆ ಕಾಯ್ದೆಯ 17ಎ ಅಡಿ ಬೇಕಿರುವುದು ತನಿಖೆ ಶುರುಮಾಡಲು ಪೂರ್ವಾನುಮೋದನೆ. 19ನೇ ಸೆಕ್ಷನ್ ಅಡಿ ಬೇಕಿರುವುದು ಕೋರ್ಟಿನಲ್ಲಿ ಮೊಕದ್ದಮೆ ನಡೆಸಲು ಮಂಜೂರಾತಿ. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನ ಪ್ರಕರಣದಲ್ಲಿ 2024ರ ಆಗಸ್ಟಿನಲ್ಲಿ ರಾಜ್ಯಪಾಲರ ಆದೇಶ ಬಂದಾಗ ಟಿವಿಗಳಲ್ಲಿ ಓಡಿದ್ದು ‘ಪ್ರಾಸಿಕ್ಯೂಷನ್‌ಗೆ ಅನುಮತಿ’ ಎಂಬ ಪಟ್ಟಿ. ಸೆಪ್ಟೆಂಬರ್ 24ರ ತೀರ್ಪಿನಲ್ಲಿ ಹೈಕೋರ್ಟು ಆ ಆದೇಶವನ್ನು 17ಎ ಅಡಿಯ ಅನುಮೋದನೆಗೆ ಸೀಮಿತಗೊಳಿಸಿ ಓದಿತು. ತನಿಖೆಗೆ ಬಾಗಿಲು ತೆರೆಯುವುದಕ್ಕೂ ಕಟಕಟೆಗೆ ಕರೆಯುವುದಕ್ಕೂ ಇರುವ ಅಂತರ ‘ಅನುಮತಿ’ ಎಂಬ ಒಂದು ಪದದಲ್ಲಿ ಮುಚ್ಚಿಹೋಗುತ್ತದೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ವರದಿಯ ‘ನಷ್ಟ’ವೂ ಇಂಥದ್ದೇ. 2ಜಿ ಮೊಬೈಲ್ ತರಂಗಾಂತರ ಹಂಚಿಕೆಯ ಬಗ್ಗೆ 2010ರ ವರದಿ ಹೇಳಿದ್ದು ಸುಮಾರು 1.76 ಲಕ್ಷ ಕೋಟಿ ರೂಪಾಯಿವರೆಗಿನ ಅಂದಾಜು ನಷ್ಟ. ‘ಅಂದಾಜು’ ಉದುರಿಹೋಗಿ ಜನರ ಬಾಯಲ್ಲಿ ಉಳಿದದ್ದು ಲೂಟಿ.

ಪದಕ್ಕಿಂತ ಸೂಕ್ಷ್ಮವಾದದ್ದು ಪ್ರತ್ಯಯ. ಹಳ್ಳಿಯ ಸಾಕ್ಷಿಯೊಬ್ಬರು ಕ್ಯಾಮೆರಾ ಮುಂದೆ ಹೇಳುತ್ತಾರೆ: “ಸಾಹೇಬ್ರು ಬಂದು ದುಡ್ಡು ತಗೊಂಡು ಹೋದ್ರಂತೆ.” ಆ ‘ಅಂತೆ’ಯಲ್ಲಿ ಪೂರ್ತಿ ಸಾಕ್ಷ್ಯದ ಸ್ಥಿತಿ ಇದೆ. ಅವರು ಕಣ್ಣಾರೆ ಕಂಡಿಲ್ಲ, ಯಾರೋ ಹೇಳಿದ್ದು. ಇಂಗ್ಲಿಷ್ ಸಬ್‌ಟೈಟಲ್ಲಿನಲ್ಲಿ ಅದು ‘ಅಧಿಕಾರಿ ಬಂದು ಹಣ ತೆಗೆದುಕೊಂಡರು’ ಎಂದಾದರೆ ಕೇಳಿದ ಮಾತು ಕಂಡ ಮಾತಾಯಿತು, ವರದಿ ಸುಳ್ಳಾಯಿತು. ಇಷ್ಟೇ ಅಲ್ಲ, ‘ಸಾಹೇಬ್ರು’ ಒಬ್ಬರೋ ಇಬ್ಬರೋ? ಗೌರವದ ಬಹುವಚನ ಅದನ್ನು ಹೇಳುವುದಿಲ್ಲ. ಅಲ್ಲೇ ಕೇಳಬೇಕು: ಎಷ್ಟು ಜನ ಬಂದಿದ್ದರು, ನೀವೇ ನೋಡಿದಿರಾ, ನಿಮಗೆ ಹೇಳಿದವರು ಯಾರು, ಅವರು ಸಿಗುತ್ತಾರಾ? ಈ ನಾಲ್ಕು ಪ್ರಶ್ನೆ ಕೇಳದೆ ಎಡಿಟ್ ಟೇಬಲ್ಲಿಗೆ ಬಂದ ಬೈಟಿಗೆ (ಕ್ಯಾಮೆರಾದಲ್ಲಿ ದಾಖಲಾದ ಹೇಳಿಕೆಗೆ) ಸರಿಯಾದ ಸಬ್‌ಟೈಟಲ್ ಬರೆಯಲು ಯಾರಿಂದಲೂ ಆಗದು.

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಗೌರವದ ಪ್ರಶ್ನೆ ಏಳುತ್ತದೆ. ಇಂಗ್ಲಿಷಿನಲ್ಲಿ ಮಂತ್ರಿಗೂ ಕಳ್ಳತನದ ಆರೋಪ ಹೊತ್ತ ಕೂಲಿಗೂ ಒಂದೇ ಸರ್ವನಾಮ. ಕನ್ನಡದಲ್ಲಿ ‘ಬಂದಿದ್ದಾರೆ’ ಅಥವಾ ‘ಬಂದಿದ್ದಾನೆ’ ಎಂದು ಆರಿಸಲೇಬೇಕು, ಆರಿಸಿದ ಕೂಡಲೇ ಒಂದು ತೀರ್ಪು ಕೊಟ್ಟಂತಾಗುತ್ತದೆ. ನಮ್ಮ ಚಾನೆಲ್ಲುಗಳಲ್ಲಿ ಮಂತ್ರಿ ಜೈಲಿಗೆ ಹೋದರೂ ‘ಅವರು’, ಕೂಲಿಯವನು ಠಾಣೆಗೆ ಹೋದರೆ ಸಾಕು ‘ಆತ’. ಇದಕ್ಕೆ ಸಮರ್ಥನೆಯಿಲ್ಲ. ಶಿಕ್ಷೆ ಆಗುವವರೆಗೆ ಎಲ್ಲರಿಗೂ ‘ಅವರು’ ಎಂದು ತಂಡದಲ್ಲಿ ಒಂದು ಕಟ್ಟು ಮಾಡಿಕೊಂಡರೆ ಜಗಳವೇ ಇರುವುದಿಲ್ಲ.

ಕ್ಯಾಮೆರಾ, ಗುಟ್ಟು, ಗುರುತು

ಕಚೇರಿಯೊಳಗಿನ ಸಂದರ್ಶನಕ್ಕೆ 25 ಫ್ರೇಂ, ಶಟರ್ 1/50. ನಮ್ಮ ವಿದ್ಯುತ್ತು 50 ಹರ್ಟ್ಸ್. ಫೋನಿನಲ್ಲಿ 30 ಫ್ರೇಂ, 1/60 ಇಟ್ಟರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣುಗುತ್ತದೆ. ಧ್ವನಿ 48 ಕಿಲೊಹರ್ಟ್ಸ್, ಮಾತಿನ ಏರು ಮೈನಸ್ 12 ಡೆಸಿಬೆಲ್ ಆಸುಪಾಸು ಇರಲಿ. ಕಾಲರ್ ಮೈಕಿನ ಜೊತೆಗೆ ಇನ್ನೊಂದು ರೆಕಾರ್ಡರ್ ಓಡುತ್ತಿರಲಿ, ಮುಖ್ಯ ಮಾತು ಬರುವ ಹೊತ್ತಿಗೇ ವೈರ್‌ಲೆಸ್ಸಿನ ಬ್ಯಾಟರಿ ಸಾಯುವುದು ಈ ಕಸುಬಿನ ಹಣೆಬರಹ. ಶುರುವಿಗೆ ಮುಂಚೆ ಕ್ಯಾಮೆರಾದ ಗಡಿಯಾರ ಸರಿಮಾಡಿ. ತಾರೀಕು 2015 ಎಂದು ತೋರಿಸುವ ಫೈಲನ್ನು ಕೋರ್ಟಿನಲ್ಲಿ ಸಮರ್ಥಿಸುವುದು ಸುಲಭವಲ್ಲ.

ಗುಪ್ತ ಕ್ಯಾಮೆರಾ ಎಂದರೆ ತನಿಖೆ ಎಂಬ ಭ್ರಮೆ 2000ದ ದಶಕದಲ್ಲಿ ಬಲವಾಗಿತ್ತು. 2005ರ ಡಿಸೆಂಬರಿನಲ್ಲಿ ಸಂಸತ್ತಿನಲ್ಲಿ ಪ್ರಶ್ನೆ ಕೇಳಲು ಹಣ ಪಡೆದ 11 ಸಂಸದರು ಕ್ಯಾಮೆರಾದಲ್ಲಿ ಸಿಕ್ಕಿಬಿದ್ದು ಉಚ್ಚಾಟನೆಗೊಂಡರು. ಎರಡೇ ವರ್ಷಕ್ಕೆ ಇನ್ನೊಂದು ಮುಖ ಕಂಡಿತು: 2007ರಲ್ಲಿ ದೆಹಲಿಯ ಶಾಲಾ ಶಿಕ್ಷಕಿಯೊಬ್ಬರ ಮೇಲೆ ಪ್ರಸಾರವಾದ ಕುಟುಕು ಕಾರ್ಯಾಚರಣೆ ಕಟ್ಟುಕಥೆ ಎಂದು ಬಯಲಾಯಿತು, ಅಷ್ಟರಲ್ಲಿ ಜನ ಅವರ ಮೇಲೆ ಕೈಮಾಡಿದ್ದರು. ಆ ಚಾನೆಲ್ ಒಂದು ತಿಂಗಳು ಬಂದ್ ಆಯಿತು. ದೆಹಲಿಯ ಬಿಎಂಡಬ್ಲ್ಯು ಕಾರು ಅಪಘಾತ ಪ್ರಕರಣದಲ್ಲಿ ವಕೀಲರೇ ಸಾಕ್ಷಿಯನ್ನು ಒಲಿಸಿಕೊಳ್ಳಲು ಹೊರಟದ್ದನ್ನು ತೋರಿಸಿದ ಕಾರ್ಯಾಚರಣೆ 2009ರಲ್ಲಿ ಸುಪ್ರೀಂ ಕೋರ್ಟಿನ ಪರೀಕ್ಷೆ ದಾಟಿತು. ಇವನ್ನು ಒಟ್ಟಿಗಿಟ್ಟು ನೋಡಿದರೆ ಗೆರೆ ಕಾಣುತ್ತದೆ. ನಡೆಯುತ್ತಿರುವ ತಪ್ಪನ್ನು ದಾಖಲಿಸುವುದು ಒಂದು, ಆಸೆ ತೋರಿಸಿ ತಪ್ಪು ಮಾಡಿಸುವುದು ಇನ್ನೊಂದು. ಕಾಗದದಿಂದ ಸಾಬೀತಾಗುವುದಕ್ಕೆ ಗುಪ್ತ ಕ್ಯಾಮೆರಾ ಬೇಡವೇ ಬೇಡ.

ಸಾಕ್ಷಿಯ ಗುರುತು ಮುಚ್ಚುವುದರಲ್ಲಿ ಕನ್ನಡ ತಾನೇ ಚಾಡಿ ಹೇಳುತ್ತದೆ. ಮುಖ ಮಸುಕು ಮಾಡಿ, ಧ್ವನಿ ದಪ್ಪ ಮಾಡಿದರೂ “ಹಿಂಗ್ ಮಾಡ್ಯಾರ್ ನೋಡ್ರಿ” ಅಂದ ಕೂಡಲೇ ಸೀಮೆ ಗೊತ್ತಾಗುತ್ತದೆ. ಕುಂದಾಪುರದ ಮಾತಾದರೆ ಹತ್ತು ಮೈಲಿಯ ವೃತ್ತವೇ ಗೊತ್ತಾಗುತ್ತದೆ. ಧ್ವನಿಯ ಸ್ಥಾಯಿ ಮಾತ್ರ ಬದಲಿಸಿದ್ದನ್ನು ಮರಳಿ ಮೊದಲಿನಂತೆ ಮಾಡುವ ತಂತ್ರಾಂಶಗಳಿವೆ. ಸುರಕ್ಷಿತ ದಾರಿ ಎಂದರೆ ಮಾತನ್ನು ಬರೆದುಕೊಂಡು, ಬೇರೆಯವರಿಂದ ಶಿಷ್ಟ ಕನ್ನಡದಲ್ಲಿ ಓದಿಸಿ, ಹಾಗೆ ಮಾಡಿದ್ದೇವೆಂದು ಪರದೆಯ ಮೇಲೆ ಹೇಳುವುದು. ಸಂಬಂಧಸೂಚಕಗಳ ಮೇಲೂ ಕಣ್ಣಿರಲಿ. ಇಂಗ್ಲಿಷಿನಲ್ಲಿ ‘ಅಂಕಲ್’ ಎಂದರೆ ಯಾರೂ ಆಗಬಹುದು. ಕನ್ನಡದಲ್ಲಿ ‘ಸೋದರಮಾವ’ ಎಂದರೆ ಮನೆ ಪತ್ತೆಯಾದಂತೆ. ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಸಂತ್ರಸ್ತರ ಗುರುತು ಹೊರಹಾಕುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ, ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಕೂಡ ಇದೆ.

ಎರಡು ಪ್ಯಾಕೇಜು, ಒಂದು ಕಡತ

ಕನ್ನಡ ಪ್ಯಾಕೇಜು (ದೃಶ್ಯ, ಮಾತು ಸೇರಿಸಿ ಕಟ್ಟಿದ ಪೂರ್ಣ ವರದಿ) ಏಳೆಂಟು ನಿಮಿಷ, ಇಂಗ್ಲಿಷಿನದು ಮೂರು. ಕನ್ನಡದ ಪದ ಉದ್ದ. ನಿಮಿಷಕ್ಕೆ 100ರಿಂದ 110 ಪದ ಓದಿದರೆ ಕೇಳಲು ಹಿತ, ಇಂಗ್ಲಿಷಿನಲ್ಲಿ 150 ಆಗುತ್ತದೆ. ಒಂದನ್ನು ಬರೆದು ಇನ್ನೊಂದಕ್ಕೆ ಅನುವಾದಿಸುವುದು ಸೋಮಾರಿತನದ ದಾರಿ. ಇಬ್ಬರು ಪ್ರೇಕ್ಷಕರಿಗೆ ಗೊತ್ತಿರುವುದು ಬೇರೆ ಬೇರೆ. ಕನ್ನಡದವರಿಗೆ ‘ಬಗರ್ ಹುಕುಂ’ ವಿವರಿಸಬೇಕಿಲ್ಲ, ದೆಹಲಿಯವರಿಗೆ ಅದಕ್ಕೇ 15 ಸೆಕೆಂಡು ಬೇಕು. ಎರಡೂ ಸ್ಕ್ರಿಪ್ಟು ಹೊರಡಬೇಕಾದದ್ದು ಮೂರನೆಯ ಕಾಗದದಿಂದ: ಪ್ರತಿ ವಾಕ್ಯಕ್ಕೂ ಆಧಾರವಾದ ದಾಖಲೆ, ಪುಟ ಸಂಖ್ಯೆ, ಬೈಟಿನ ಟೈಮ್‌ಕೋಡ್ ಬರೆದ ಪಟ್ಟಿ. ಎರಡು ಭಾಷೆಯ ವಾಕ್ಯವನ್ನೂ ಅದೇ ಪಟ್ಟಿಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ‘ವಿಚಾರಣೆ’ಯಂಥ ಜಾರುಗಳು ಸಿಕ್ಕಿಬೀಳುತ್ತವೆ. ಪರದೆಯಲ್ಲಿ ಕನ್ನಡ ಸಾಲುಗಳ ನಡುವೆ ಜಾಗ ಹೆಚ್ಚು ಬಿಡಿ, ಇಲ್ಲದಿದ್ದರೆ ಕೆಳಗೋಡುವ ಪಟ್ಟಿ ಒತ್ತಕ್ಷರವನ್ನು ನುಂಗಿ ‘ಕೊಟ್ಟ’ ಹೋಗಿ ‘ಕೊಟ’ ಉಳಿಯುತ್ತದೆ.

ಪ್ರಸಾರಕ್ಕೆ ಮುಂಚೆ ಆರೋಪ ಹೊತ್ತವರಿಗೆ ಪ್ರಶ್ನೆಗಳನ್ನು ಎರಡೂ ಭಾಷೆಯಲ್ಲಿ, ಇಮೇಲ್ ಮತ್ತು ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳಿಸಿ ಎರಡು ಮೂರು ದಿನವಾದರೂ ಸಮಯ ಕೊಡಬೇಕು. ‘ನಿಮ್ಮ ಮೇಲಿನ ಆರೋಪಕ್ಕೆ ಏನು ಹೇಳುತ್ತೀರಿ’ ಎಂಬುದು ಪ್ರಶ್ನೆಯಲ್ಲ. ಸರ್ವೆ ನಂಬರು, ತಾರೀಕು, ಮೊತ್ತ ಬರೆದು ಒಂದೊಂದಾಗಿ ಕೇಳಿ. ಎಷ್ಟೋ ಸಲ ಉತ್ತರದಲ್ಲೇ ನಮ್ಮ ತಪ್ಪು ತಿಳಿಯುತ್ತದೆ, ಪ್ರಸಾರಕ್ಕೆ ಮುಂಚೆ ತಿಳಿದರೆ ಅದು ಭಾಗ್ಯ.

ಪ್ರಶ್ನೆ ಕಳಿಸಿದ ಮೇಲೆ ಸಿವಿಲ್ ಕೋರ್ಟಿನಿಂದ ಏಕಪಕ್ಷೀಯ ತಡೆಯಾಜ್ಞೆ ಬರುವುದು ಬೆಂಗಳೂರಿನಲ್ಲಿ ಹೊಸದೇನಲ್ಲ. ಅದಕ್ಕೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 148ಎ ಅಡಿ ಕೇವಿಯಟ್, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಅರ್ಜಿ, ಹಾಕಿಡಬಹುದು. 90 ದಿನ ಜೀವಂತ, ಮುಗಿದರೆ ಮತ್ತೆ ಹಾಕಬೇಕು. ಇಂಥ ತಡೆಯಾಜ್ಞೆಗಳನ್ನು ಸಾಕ್ಷ್ಯದ ವಿಚಾರಣೆಗೆ (ಟ್ರಯಲ್) ಮುಂಚೆಯೇ ಸಲೀಸಾಗಿ ಕೊಡಬಾರದೆಂದು 2024ರ ಮಾರ್ಚಿನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ತೀರ್ಪಿನ ಪ್ರತಿ ವಕೀಲರ ಚೀಲದಲ್ಲಿರಲಿ.

ಮಾನಹಾನಿಯ ಸಿವಿಲ್ ದಾವೆಗೆ ಒಂದು ವರ್ಷದ ಗಡುವು. ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಅಡಿ ಕ್ರಿಮಿನಲ್ ದೂರಿಗೆ ಮೂರು ವರ್ಷ, ಶಿಕ್ಷೆ ಎರಡು ವರ್ಷದವರೆಗೆ. ಚಾನೆಲ್ಲುಗಳು ಪ್ರಸಾರವಾದದ್ದರ ರೆಕಾರ್ಡಿಂಗ್ ಇಟ್ಟುಕೊಳ್ಳಬೇಕಾದ ಅವಧಿ ಮಾತ್ರ 90 ದಿನ. ಕಚ್ಚಾ ಚಿತ್ರೀಕರಣಕ್ಕೆ ಆ ಗ್ಯಾರಂಟಿಯೂ ಇಲ್ಲ, ಸರ್ವರ್ ತುಂಬಿದರೆ ಅಳಿಸುತ್ತಾರೆ. ಆದ್ದರಿಂದ ಚಿತ್ರೀಕರಣ ಮುಗಿದ ದಿನವೇ ಕಾರ್ಡಿನ ಲಾಕ್ ಎಳೆದು, ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಕಟ್ಟಡದಲ್ಲಿಟ್ಟು, ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಹ್ಯಾಶ್ (ಫೈಲು ಒಂದಿಷ್ಟು ಬದಲಾದರೂ ಬದಲಾಗುವ ಗುರುತಿನ ಸಂಕೇತ) ಬರೆದಿಡಬೇಕು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರದಲ್ಲಿ ಎರಡು ಭಾಗ, ಒಂದಕ್ಕೆ ಸಾಧನ ಯಾರ ವಶದಲ್ಲಿತ್ತೋ ಅವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಎರಡರಲ್ಲೂ ಹ್ಯಾಶ್ ತುಂಬುವ ಜಾಗವಿದೆ. ಎರಡು ವರ್ಷದ ಮೇಲೆ ಸಮನ್ಸ್ ಬಂದಾಗ ಆ ವರದಿಗಾರರು ಬೇರೆ ಚಾನೆಲ್ಲಿನಲ್ಲಿರುತ್ತಾರೆ, ಕ್ಯಾಮೆರಾಮನ್ ಮದುವೆ ಶೂಟಿಂಗಿಗೆ ಹೋಗಿರುತ್ತಾರೆ. ಹಾರ್ಡ್ ಡಿಸ್ಕಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಊರು, ತಾರೀಕು, ಕಾರ್ಡ್ ಸಂಖ್ಯೆ, ಯಾರು ಯಾರಿಗೆ ಯಾವಾಗ ಕೊಟ್ಟರು ಎಂಬುದು ಇರಬೇಕು. ಕನ್ನಡದಲ್ಲೇ ಬರೆದರೂ ಅಂಕಿಗಳನ್ನು ಅಕ್ಷರದಲ್ಲೂ ಬರೆಯಿರಿ, ೬ ಮತ್ತು ೯ ಇಲ್ಲೂ ಕಾಡುತ್ತವೆ.